ಕುಣಿಯುವ ನೆಲ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಾವು ನಗುತ್ತೇವೆ. ನೆಲವೇ ಕುಣಿಯುವುದಾದರೆ ಯಾರನ್ನು ದೂರುವುದು? ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುವ ತನಕ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ನಮ್ಮಲ್ಲಿ ನೆಲವೆಂದರೆ ಭೂಮಿಯೇ. ಮಣ್ಣು ತುಂಬಿ, ನೀರು ಹೊಯ್ದು, ದಮ್ಮಸು ಹೊಡೆದು, ಮೇಲೆ ಗಾರೆ ಬಳಿದರೆ ಒಂದು ತಲೆಮಾರಿಗೆ ಚಿಂತೆಯಿಲ್ಲ. ಅವನದು ಮರದ ಮನೆ. 16 ಅಂಗುಲಕ್ಕೊಂದರಂತೆ ತೊಲೆ, ತೊಲೆಯ ಮೇಲೆ ಪ್ಲೈವುಡ್ ಹಲಗೆ, ಅದೇ ನೆಲ.

2022ರ ಬೇಸಗೆಯಲ್ಲಿ ಸ್ನಾನದ ಮನೆಗೆ ಟೈಲು ಹಾಕಲು ಹೊರಟ ಮಗ ಎರಡು ದಿನ ಆ ಹಲಗೆಗಳನ್ನೇ ತಟ್ಟುತ್ತ ಕುಳಿತ. “ಗಟ್ಟಿಯಾಗಿದೆಯಲ್ಲೋ, ಮೇಲೆ ಕೂರಿಸಿಬಿಡು” ಎಂದೆ. ಮೂವತ್ತು ವರ್ಷ ಮೇಷ್ಟರಾಗಿದ್ದವನ ದನಿ, ಕೂರಿಸಿದ. ಮರುವರ್ಷ ನಾವು ಮತ್ತೆ ಹೋದಾಗ ಸಂದುಗಳು ಬಿರಿದಿದ್ದವು. ಒಡೆದ ಟೈಲಿನ ಅಂಚು ನನ್ನ ಹೆಂಡತಿಯ ಕಾಲು ಕೊಯ್ದಿತು. ಸಕ್ಕರೆ ಕಾಯಿಲೆಯವಳು, ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. “ನೀವು ಹೇಳಿದ್ದಕ್ಕೇ ಹೀಗಾಯಿತು” ಎಂದು ಮಗ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವನು ಟೈಲುಗಳನ್ನೆಲ್ಲ ಕಿತ್ತು ಹೊಸದಾಗಿ ಶುರುಮಾಡಿದಾಗ ನಾನು ಬಾಯಿಮುಚ್ಚಿಕೊಂಡು ಸ್ಕ್ರೂ ಡಬ್ಬಿ ಹಿಡಿದು ಕುಳಿತೆ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ತುಳಿದರೆ ಬಾಗುತ್ತದೆ. ಟೈಲಿಗೆ ಬಾಗುವುದೇ ಗೊತ್ತಿಲ್ಲ. ಆದ್ದರಿಂದ ತೊಲೆ ತನ್ನ ಉದ್ದದ 360ರಲ್ಲೊಂದು ಪಾಲಿಗಿಂತ ಹೆಚ್ಚು ಬಾಗಕೂಡದೆಂದು ಲೆಕ್ಕವಿದೆ. 12 ಅಡಿಯ ತೊಲೆಗೆ ಅದು ಅರ್ಧ ಅಂಗುಲವೂ ಅಲ್ಲ. ಕೊಳೆತ ಹಲಗೆಯನ್ನು ಕೊಯ್ದು ತೆಗೆದ. ಸೋತ ತೊಲೆಯ ಪಕ್ಕಕ್ಕೆ ಹೊಸದೊಂದನ್ನು ಜೋಡಿಸಿದ. ಹೀಗೆ ಹೆಗಲು ಕೊಡುವ ಮರವನ್ನು ಅಲ್ಲಿಯ ಬಡಗಿಗಳು ಸೋದರಿ ಎನ್ನುತ್ತಾರಂತೆ. ಕಿರುಗುಟ್ಟುವ ಕಡೆಯೆಲ್ಲ ಹಲಗೆಯನ್ನು ತೊಲೆಗೆ ಬಿಗಿದ. ಅದರ ಮೇಲೆ ತೆಳುವಾಗಿ ಗಾರೆ ಹರಡಿ ಸಿಮೆಂಟ್ ಹಲಗೆ ಹಾಸಿ, 8 ಅಂಗುಲಕ್ಕೊಂದು ಸ್ಕ್ರೂ ಹಾಕಿದ. ಸಂದುಗಳಿಗೆ ಬಲೆಪಟ್ಟಿ ಅಂಟಿಸಿದ. ಈ ಹಲಗೆ ನೆಲಕ್ಕೆ ಬಲ ಕೊಡುವುದಿಲ್ಲ; ಮರಕ್ಕೂ ಟೈಲಿಗೂ ನಡುವೆ ನಿಂತು ಇಬ್ಬರಿಗೂ ಹೊಂದಿಕೆಯಾಗುತ್ತದೆ, ಅಷ್ಟೆ. ನನಗೂ ಮಗನಿಗೂ ನಡುವೆ ನನ್ನ ಹೆಂಡತಿ ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಅದನ್ನೇ.

ಸಂಜೆ ಮಗ, “ಅಪ್ಪ, ನೀವೊಮ್ಮೆ ನಡೆದು ನೋಡಿ” ಎಂದ. ಗೋಡೆಯಿಂದ ಗೋಡೆಗೆ ನಡೆದೆ. ನೆಲ ಸದ್ದು ಮಾಡಲಿಲ್ಲ.

“ಟೈಲು ಇವತ್ತೇ ಶುರುಮಾಡಲೇ?”

“ಅವಸರವೇನಿಲ್ಲ. ಇನ್ನೊಮ್ಮೆ ತಟ್ಟಿ ನೋಡು” ಎಂದೆ. ಒಂದು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು. ಮಗ ನಕ್ಕು, ಮೊಣಕಾಲೂರಿ ತಟ್ಟತೊಡಗಿದ.