ಅಂಡಮಾನ್‌ನಿಂದ ಬಂದ ಮೇಲೆ ಹನ್ನೊಂದು ದಿನ

ಮದುವೆ ಮನೆಯ ಚಪ್ಪರ ಬಿಚ್ಚಿದ ಮಾರನೇ ದಿನ ಅಂಗಳ ಹೇಗೆ ಬಿಕೋ ಅನ್ನುತ್ತೆ ಗೊತ್ತಲ್ಲ? ಜಾತ್ರೆ ಮುಗಿದ ಬಯಲು, ಬೇಸಿಗೆ ರಜೆ ಕಳೆದು ಅಜ್ಜಿ ಮನೆಯಿಂದ ಹೊರಟ ಬಸ್ಸಿನ ಕಿಟಕಿ, ಎಲ್ಲ ಅದೇ ಜಾತಿ. ಟ್ರಿಪ್ ಮುಗಿಸಿ ಬಂದ ಮೇಲೆ ಆಗೋದೂ ಅದೇ ಬಿಕೋ. ಈಗ ಅದಕ್ಕೆ ‘ಪೋಸ್ಟ್ ವೆಕೇಶನ್ ಬ್ಲೂಸ್’ ಅಂತ ಹೆಸರು ಬಂದಿದೆ, ಅದರ ಮೇಲೆ ರೀಲ್ಸ್ ಬಂದಿವೆ, ಅಷ್ಟೇ ವ್ಯತ್ಯಾಸ.

ಫೆಬ್ರವರಿಯಲ್ಲಿ ನಾನೂ ನನ್ನ ಗಂಡನೂ ಆರು ದಿನ ಅಂಡಮಾನ್‌ಗೆ ಹೋಗಿದ್ದೆವು. ಎಲ್ಲಿ ಉಳಿಯೋದು, ಎಷ್ಟು ಖರ್ಚು, ಯಾವ ಬೋಟ್ ಅನ್ನೋದೆಲ್ಲ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತೆ. ವಾಪಸ್ ಬರೋದು ಹೇಗೆ ಅಂತ ಮಾತ್ರ ಯಾರೂ ಬರೆಯೋಲ್ಲ. ಹಾಗಾಗಿ ನಾನು ಆ ಕಡೆಯಿಂದ ಹೇಳ್ತೀನಿ.

ಮೊದಲು ಜಾಗದ ಪರಿಚಯ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. 2024ರಿಂದ ಆ ಊರಿನ ಹೆಸರು ಶ್ರೀ ವಿಜಯ ಪುರಂ. ಅಲ್ಲಿಂದ ದೋಣಿಯಲ್ಲಿ ಹ್ಯಾವ್‌ಲಾಕ್ ದ್ವೀಪ. ಅದೂ 2018ರಿಂದ ಸ್ವರಾಜ್ ದ್ವೀಪ. ಆದರೆ ನಮಗೆ ಸಿಕ್ಕಿದ ಆಟೋದವರು, ದೋಣಿಯವರು, ಎಳನೀರಿನವರು ಎಲ್ಲರೂ ಹ್ಯಾವ್‌ಲಾಕ್ ಅಂತಲೇ ಅಂದರು. ನಾನೂ ಹಾಗೇ ಅಂತೀನಿ.

ಹ್ಯಾವ್‌ಲಾಕ್‌ನಲ್ಲಿ ನನಗೆ ಮೊದಲು ತಟ್ಟಿದ್ದು ಸಮುದ್ರ ಅಲ್ಲ, ಗಡಿಯಾರ. ಬೆಳಿಗ್ಗೆ ಐದೂವರೆಗೆಲ್ಲ ಬೆಳಕು. ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿ, ಆರು ದಾಟುವಷ್ಟರಲ್ಲಿ ಗಾಢ ಕತ್ತಲೆ. ನಾವಿಬ್ಬರೂ ಎಂಜಿನಿಯರುಗಳು, ಲೆಕ್ಕ ಹಾಕದೆ ಬಿಡ್ತೀವಾ? ಹ್ಯಾವ್‌ಲಾಕ್ ಹತ್ತಿರ ಹತ್ತಿರ 93 ಡಿಗ್ರಿ ರೇಖಾಂಶದಲ್ಲಿದೆ, ಬೆಂಗಳೂರು 77.6ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸೂರ್ಯ ಅಲ್ಲಿ ನಮಗಿಂತ ಒಂದು ಗಂಟೆ ಮುಂದೆ. ಮೊಬೈಲ್ ತೋರಿಸೋ ಟೈಮ್ ಮಾತ್ರ ಎರಡೂ ಕಡೆ ಒಂದೇ, ದೇಶಕ್ಕೆಲ್ಲ ಒಂದೇ ಗಡಿಯಾರ ಇರೋದರಿಂದ. ಅಂದರೆ ಅಲ್ಲಿ ಸಂಜೆ ಅನ್ನೋದು ಬಹಳ ಉದ್ದ. ಆರು ಗಂಟೆಗೆ ಕತ್ತಲಾಗಿಬಿಟ್ಟರೆ, ಊಟದವರೆಗೆ ಮಾಡೋಕೆ ಏನೂ ಇರಲ್ಲ. ನಾವು ಉಳಿದಿದ್ದ ಕಡೆ ನೆಟ್‌ವರ್ಕ್ ಬೇರೆ ಬಂದು ಹೋಗಿ ಮಾಡುತ್ತಿತ್ತು. ಚೆನ್ನೈನಿಂದ ಸಮುದ್ರದಡಿ ಸುಮಾರು 2,300 ಕಿಲೋಮೀಟರ್ ಫೈಬರ್ ಕೇಬಲ್ ಎಳೆದು 2020ರಲ್ಲೇ ಚಾಲೂ ಮಾಡಿದ್ದಾರೆ. ಆದರೂ ನಮ್ಮ ಕೋಣೆಯ ಹಾಸಿಗೆಯವರೆಗೆ ಅದು ತಲುಪಿರಲಿಲ್ಲ, ಪುಣ್ಯಕ್ಕೆ.

ಹಾಗಾಗಿ ಮಾತಾಡಿದೆವು. ಮದುವೆಯಾಗಿ ನಾಲ್ಕು ವರ್ಷ, ಅದಕ್ಕೂ ಮುಂಚೆ ಕಾಲೇಜಿನಲ್ಲಿ ಒಂದೇ ಕ್ಲಾಸು. ಮಾತಾಡೋಕೆ ಇನ್ನೇನು ಉಳಿದಿರುತ್ತೆ ಅಂದ್ಕೊಂಡಿದ್ದೆ.

ಮೂರನೇ ದಿನ ಬಾಡಿಗೆ ಸ್ಕೂಟರ್‌ನಲ್ಲಿ ರಾಧಾನಗರ ಬೀಚ್‌ಗೆ ಹೊರಟಿದ್ದೆವು. ಅದು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಅಂತ ಹೊಗಳಿದ ಬೀಚು. ಮಧ್ಯೆ ದಾರಿಯಲ್ಲಿ ನನ್ನ ಗಂಡ ಗಕ್ಕನೆ ಬ್ರೇಕ್ ಹಾಕಿದ. ರಸ್ತೆ ಪಕ್ಕ ಅಡಿಕೆ ತೋಟ. ನಿಜವಾಗಿಯೂ ಅಡಿಕೆ ತೋಟ, ನಮ್ಮ ಕಡೆಯ ಹಾಗೇ. ಅವನು ಶಿರಸಿ ಕಡೆಯವನು. ಇಳಿದು ಬೇಲಿ ಪಕ್ಕ ನಿಂತು ಕತ್ತು ಮೇಲೆತ್ತಿ ಗೊನೆ ನೋಡಿದ. “ಮಳೆ ಇಷ್ಟು ಸುರಿಯುತ್ತಲ್ಲ ಇಲ್ಲಿ, ಕೊಳೆ ರೋಗಕ್ಕೆ ಇವರು ಏನು ಹೊಡೀತಾರೋ” ಅಂದ. ಆಮೇಲೆ ಬೀಚ್ ತಲುಪೋವರೆಗೆ ಮಾತೇ ಇಲ್ಲ.

ಆ ರಾತ್ರಿ ಹೇಳಿದ. ಮಾವ ತೀರಿಕೊಂಡು ಎರಡು ವರ್ಷ. ಅತ್ತೆ ಒಬ್ಬರೇ ಊರಲ್ಲಿ, ಎರಡು ಎಕರೆ ತೋಟದ ಜೊತೆ. ಮದ್ದು ಹೊಡೆಯೋಕೆ ಜನ ಸಿಗಲ್ಲ, ಕೊನೆಗೌಡರು ಕರೆದ ದಿನ ಬರಲ್ಲ. ತೋಟ ಗುತ್ತಿಗೆಗೆ ಕೊಡು ಅಂತ ಎಲ್ಲರೂ ಹೇಳ್ತಾರೆ. “ನನಗೆ ಕೊಡೋಕೆ ಇಷ್ಟ ಇಲ್ಲ. ಅಲ್ಲಿ ಹೋಗಿ ಇರಬೇಕು ಅನಿಸುತ್ತೆ. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗಿರಲಿಲ್ಲ” ಅಂದ. ನಾನು ಮೈಸೂರಿನವಳು. ಬೆಂಗಳೂರು, ನನ್ನ ಟೀಮು, ನನ್ನ ಕೆಲಸ ನನಗೆ ನಿಜಕ್ಕೂ ಇಷ್ಟ. ಏನೂ ಉತ್ತರ ಕೊಡಲಿಲ್ಲ. ಕತ್ತಲಲ್ಲಿ ಅಲೆಯ ಸದ್ದು ಕೇಳ್ತಾ ಕೂತಿದ್ದೆವು. ಆದರೆ ಆ ಮಾತು ಹೊರಗೆ ಬಂದಿದ್ದೇ ಒಂಥರಾ ಹಗುರ ಅನಿಸಿತು, ಇಬ್ಬರಿಗೂ.

ಮಾರನೇ ದಿನ ಸ್ಕೂಬಾ. ಕಲಿಯುವವರನ್ನು 12 ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗೋದಿಲ್ಲ. ನೀರೊಳಗೆ ಮಾತಿಲ್ಲ, ಎಲ್ಲ ಕೈ ಸನ್ನೆ. ಹೆಬ್ಬೆರಳು-ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿ. ಅಂಗೈ ಚಾಚಿ ಆಚೆಈಚೆ ಅಲ್ಲಾಡಿಸಿದರೆ ಏನೋ ಸರಿಯಿಲ್ಲ. ಹೆಬ್ಬೆರಳು ಮೇಲೆತ್ತಿದರೆ ‘ಸೂಪರ್’ ಅಂತ ಅಲ್ಲ. ‘ಸಾಕು, ಮೇಲೆ ಹೋಗೋಣ’ ಅಂತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇನ್ನೊಂದು ನಿಯಮ, ಮೇಲೆ ಬರುವಾಗ ಅವಸರ ಕೂಡದು. ಒತ್ತಡದಲ್ಲಿ ಮೈಯೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಗುಳ್ಳೆಗಳಾಗಿ ಅಪಾಯ. ಅದಕ್ಕೇ ಎರಡು-ಮೂರು ಸಲ ಧುಮುಕಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅಂತಾರೆ. ನಮಗೆ ಪೂರ್ತಿ ಒಂದು ದಿನ ಬಿಡಿ ಅಂದರು. ಆ ದಿನ ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲಾರ್ ಜೈಲು ನೋಡಿದೆವು. ಅದರ ಬಗ್ಗೆ ಎರಡು ಸಾಲಲ್ಲಿ ಬರೆಯೋಕೆ ನನಗೆ ಮನಸ್ಸಿಲ್ಲ.

ನಮಗೆ ಧುಮುಕೋಕೆ ಕಲಿಸಿದವನು ಮೊದಲು ಬೆಂಗಳೂರಲ್ಲಿ ಕೋಡ್ ಬರೀತಿದ್ದವನಂತೆ. ಎಂಥಾ ಅದೃಷ್ಟ ಅಂದೆ. ನಕ್ಕ. “ಮಳೆಗಾಲ ಬಂದರೆ ಕೆಲಸ ಇರಲ್ಲ, ಮೈಯೆಲ್ಲ ಉಪ್ಪು, ಒಳ್ಳೇ ಫಿಲ್ಟರ್ ಕಾಫಿ ಕುಡಿದು ಎಂಟು ತಿಂಗಳಾಯ್ತು” ಅಂದ. ಕೋಣೆ ಕೊಟ್ಟಿದ್ದ ಮನೆಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆ ದ್ವೀಪದಲ್ಲಿ ಜಾಗ ಕೊಟ್ಟು ಕೂರಿಸಿದ್ದು. ಗೋವಿಂದನಗರ, ಬಿಜಯನಗರ, ಶ್ಯಾಮನಗರ ಅಂತ ಊರಿನ ಹೆಸರುಗಳೂ ಅವರವೇ. ಈಕೆಯ ಅಜ್ಜ-ಅಜ್ಜಿ ಹಾಗೆ ಬಂದವರು. ವರ್ಷಕ್ಕೊಮ್ಮೆ ಕೋಲ್ಕತ್ತಾಕ್ಕೆ ಹೋಗ್ತಾರಂತೆ. “ಅಂಗಡಿ, ದೀಪ, ಜನ! ವಾಪಸ್ ಬಂದರೆ ಒಂದು ವಾರ ಈ ಸಮುದ್ರದ ಕಡೆ ತಿರುಗಿ ನೋಡೋಕೂ ಬೇಜಾರು” ಅಂದರು. ಅವರಿಗೆ ನಮ್ಮ ಟ್ರಾಫಿಕ್ಕೇ ಸ್ವರ್ಗ.

ಸರಿ, ಬೆಂಗಳೂರಿಗೆ ಬಂದೆವು. ವಿಮಾನ ಎರಡೂವರೆ ಗಂಟೆ, ಏರ್‌ಪೋರ್ಟ್‌ನಿಂದ ಜೆ.ಪಿ. ನಗರಕ್ಕೆ ವಾಯುವಜ್ರ ಬಸ್ಸಿನಲ್ಲಿ ಹೆಚ್ಚುಕಮ್ಮಿ ಅಷ್ಟೇ. ಫ್ರಿಜ್‌ನಲ್ಲಿ ಹುಳಿ ಹಿಡಿದ ಮೊಸರು. ತುಳಸಿಗೆ ಪಕ್ಕದ ಮನೆ ಆಂಟಿ ನೀರು ಹಾಕಿದ್ದರು. ಬಟ್ಟೆ ಒಗೆದಾಗ ಬಚ್ಚಲಲ್ಲಿ ಬಿಳಿ ಮರಳು. ಅಲ್ಲಿಂದ ಹವಳ, ಚಿಪ್ಪು ಏನನ್ನೂ ತರುವಂತಿಲ್ಲ. ನಾವು ತಂದಿದ್ದು ಇದೊಂದೇ, ಅದೂ ಗೊತ್ತಿಲ್ಲದೆ. ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ಒಂದಷ್ಟು ಪಾಲು ಗಿಳಿಮೀನು ಹವಳ ಅಗಿದು ನುಂಗಿ ಹೊರಹಾಕಿದ್ದು ಅಂತ ಗಂಡ ಜ್ಞಾನ ಹಂಚಿದ. ಆಗಲೂ ಆ ಮರಳನ್ನು ಮೋರಿಗೆ ಬಿಡೋಕೆ ಮನಸ್ಸು ಬರಲಿಲ್ಲ.

ಸೋಮವಾರ ಲ್ಯಾಪ್‌ಟಾಪ್ ತೆರೆದರೆ ಆರು ದಿನದ ಮೆಸೇಜುಗಳು. ಸ್ಕ್ರೀನ್ ತುಂಬ ಹೆಬ್ಬೆರಳು. ‘ಡಿಪ್ಲಾಯ್ ಆಯ್ತು’ ಹೆಬ್ಬೆರಳು. ‘ಕಾಲ್ ಮುಂದಕ್ಕೆ ಹಾಕೋಣ’ ಹೆಬ್ಬೆರಳು. ಎಲ್ಲರೂ ಒಟ್ಟಿಗೆ ‘ಸಾಕು, ಮೇಲೆ ಹೋಗೋಣ’ ಅಂತಿದ್ದಾರೆ ಅನಿಸಿ ನಗು ಬಂತು. ನಗು ಅಲ್ಲೇ ನಿಂತು ಕಣ್ಣಲ್ಲಿ ನೀರು ತುಂಬಿತು. ಯಾಕೆ ಅಂತ ಕೇಳಿದರೆ ಹೇಳೋಕೆ ಕಾರಣವೇ ಇಲ್ಲ. ಸಂಬಳ ಬಂದಿದೆ, ಆರೋಗ್ಯ ಇದೆ, ಮ್ಯಾನೇಜರ್ ಒಳ್ಳೆಯವರು.

ಮೊದಲ ಮೂರ್ನಾಲ್ಕು ದಿನದ ಮಂಕಿಗೆ ಅರ್ಧ ಕಾರಣ ದೇಹದ್ದೇ ಅಂತ ನನ್ನ ಅಂದಾಜು. ಬೆಳಿಗ್ಗೆ ಐದೂವರೆಗೆ ತಾನಾಗಿ ಎಚ್ಚರ. ಹೊರಗೆ ನೋಡಿದರೆ ಕಾರ್ಗತ್ತಲು, ಬೆಂಗಳೂರಿನ ಸೂರ್ಯ ಇನ್ನೂ ಒಂದು ಗಂಟೆ ದೂರ. ರಾತ್ರಿ ಒಂಬತ್ತಕ್ಕೆ ಕಣ್ಣು ಕೂರುತ್ತೆ, ಆದರೆ ಅಮೆರಿಕದವರ ಜೊತೆ ಕಾಲ್ ಶುರುವಾಗೋದೇ ಆಗ. ಗಡಿಯಾರದಲ್ಲಿ ಒಂದು ನಿಮಿಷವೂ ಬದಲಾಗದ ಜೆಟ್‌ಲ್ಯಾಗ್ ಇದು. ಅದನ್ನು ಸರಿ ಮಾಡಿಕೊಳ್ಳೋ ಬದಲು ನಾನು ಹಾಗೇ ಇಟ್ಟುಕೊಂಡೆ. ಐದೂವರೆಗೆ ಎದ್ದು ಕಾಫಿ ಕುಡಿದು, ಬೆಳಕು ಹರಿಯೋ ಹೊತ್ತಿಗೆ ಪುಟ್ಟೇನಹಳ್ಳಿ ಕೆರೆ ಕಡೆ ನಡೆಯೋದು. ನಾಮದಕೋಳಿಗಳು ಹಣೆಗೆ ಬಿಳಿ ನಾಮ ಎಳೆದುಕೊಂಡು ತೇಲ್ತಿರ್ತವೆ. ಸಮುದ್ರಕ್ಕೆ ಇದು ಸಮ ಅಂತ ನಾನು ಹೇಳ್ತಿಲ್ಲ. ಸಮ ಅಲ್ಲವೇ ಅಲ್ಲ. ಆದರೆ ಬೆಳಗಿನ ಬಿಸಿಲು ಮುಖಕ್ಕೆ ಬಿದ್ದ ದಿನ ಮಧ್ಯಾಹ್ನ ಅಷ್ಟು ಕುಸಿಯಲ್ಲ, ಇಷ್ಟಂತೂ ನಿಜ.

ಗಂಡನ ಚಿಕಿತ್ಸೆ ಬೇರೆ. ಮಂಗಳವಾರವೇ ಲಕ್ಷದ್ವೀಪದ ಟಿಕೆಟ್ ಹುಡುಕೋಕೆ ಕೂತ. ಅದಕ್ಕೆ ಆಧಾರವೂ ಇದೆ ಅಂತ ಒಂದು ಪ್ರಬಂಧ ತೋರಿಸಿದ. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಇಟ್ಟುಕೊಂಡು ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ. ರಜೆಗೆ ಹೋಗಲಿರುವವರು ಹೋಗುವ ಮುಂಚೆ ಹೆಚ್ಚು ಖುಷಿಯಾಗಿದ್ದರಂತೆ. ಬಂದ ಮೇಲೆ ಹೆಚ್ಚಿನವರ ಖುಷಿ, ಎಲ್ಲೂ ಹೋಗದೆ ಮನೆಯಲ್ಲಿದ್ದವರಿಗಿಂತ ಏನೂ ಜಾಸ್ತಿ ಇರಲಿಲ್ಲ. ‘ತುಂಬಾ ಆರಾಮಾಗಿ ಇದ್ದೆವು’ ಅಂದವರಲ್ಲಿ ಮಾತ್ರ ಸ್ವಲ್ಪ ಕಾಲ ಉಳಿದಿತ್ತು. “ನೋಡು, ಸುಖ ಇರೋದು ಕಾಯೋದ್ರಲ್ಲಿ. ಇನ್ನೊಂದು ಬುಕ್ ಮಾಡಿಬಿಟ್ಟರೆ ಆಯ್ತು” ಅಂದ. ನನಗೆ ಒಪ್ಪಿಗೆ ಆಗಲಿಲ್ಲ. ಇದು ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ಮಾಡಿದ ಹಾಗೆ. ವರ್ಷದಲ್ಲಿ ಆರು ದಿನ ಬದುಕಿ, ಉಳಿದ ದಿನವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತಂತೆ ಕಾಯೋದಾ?

ಫೋಟೋಗಳದ್ದೂ ಒಂದು ಕಥೆ. ಗ್ಯಾಲರಿಯಲ್ಲಿ ಸಾವಿರಕ್ಕೂ ಮೇಲೆ ಇದ್ದವು, ಮೀಟಿಂಗ್ ಮಧ್ಯೆ ನೋಡಿದಷ್ಟೂ ಎದೆ ಭಾರ. ನಲವತ್ತು ಆರಿಸಿ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಉಳಿದವನ್ನು ಹಾರ್ಡ್‌ಡಿಸ್ಕ್‌ಗೆ ಕಳಿಸಿದೆ. ಆರಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ನಲವತ್ತರಲ್ಲಿ ನೀರೇ ನೀರು. ಅವನ ಫೋನಿನಲ್ಲಿ ಅವನು ಆರಿಸಿಟ್ಟಿದ್ದ ಹದಿನೈದರಲ್ಲಿ ಒಂಬತ್ತು ಆ ರಸ್ತೆ ಬದಿಯ ಅಡಿಕೆ ತೋಟದ್ದು. ಬೇಲಿ, ಗೊನೆ, ತೋಟದೊಳಗಿನ ಕಾಲುವೆ, ಒಣಗಲು ಹರವಿದ ಅಡಿಕೆ. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, ಇಬ್ಬರೂ ಒಂದೇ ಜಾಗಕ್ಕೆ ಬೇಜಾರು ಮಾಡ್ಕೊಂಡಿದ್ದೀವಿ ಅಂತ ಎಂಟು ದಿನ ನಂಬಿದ್ದೆವು. ನಾನು ಹಂಬಲಿಸುತ್ತಿದ್ದದ್ದು ಹ್ಯಾವ್‌ಲಾಕ್‌ಗೆ. ಅವನು ಹಂಬಲಿಸುತ್ತಿದ್ದದ್ದು ಇಲ್ಲಿಂದ ನಾನೂರು ಕಿಲೋಮೀಟರ್ ದೂರದ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುಟ್ಟುವ ಮನೆಗೆ. ಲಕ್ಷದ್ವೀಪದ ಟಿಕೆಟ್ ಅದಕ್ಕೆ ಏನು ಮಾಡೀತು?

ಇಲ್ಲೊಂದು ಮಾತು ಸೇರಿಸಲೇಬೇಕು. ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ನಿದ್ದೆ-ಊಟ ಕೆಟ್ಟರೆ, ಬದುಕೇ ಬೇಡ ಅನಿಸಿದರೆ ಅದು ಟ್ರಿಪ್ಪಿನ ಬಿಕೋ ಅಲ್ಲ. ಬದುಕು ಬೇಡ ಅನಿಸೋದಕ್ಕಂತೂ ಎರಡು ವಾರ ಕಾಯೋದೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ರಜೆ ನೆಪದಲ್ಲಿ ಎಷ್ಟೋ ಸಲ ಮುಂಚಿನಿಂದ ಇದ್ದದ್ದೇ ಮೇಲೆ ಬರುತ್ತೆ.

ನಾವೀಗ ಮನೆಯಲ್ಲಿ ಕೈ ಸನ್ನೆ ಬಳಸ್ತೀವಿ. ಊಟದ ಮೇಜಿನ ಎರಡು ಕಡೆ ಎರಡು ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನ್. ಕಾಲ್ ಮಧ್ಯೆ ಅವನು ಅಂಗೈ ಅಲ್ಲಾಡಿಸಿದರೆ ಏನೋ ಸರಿಯಿಲ್ಲ ಅಂತ ನನಗೆ ಗೊತ್ತಾಗುತ್ತೆ. ಕಾಲ್ ಮುಗಿದ ಮೇಲೆ ಟೀ ಇಡ್ತೀನಿ, ಅಥವಾ ಅವನೇ ಇಡ್ತಾನೆ. ಸಂಜೆ ಕಾಲ್ ಇಲ್ಲದ ದಿನ ಏಳರಿಂದ ಎಂಟರವರೆಗೆ ಹಾಲ್‌ನ ದೀಪ ಆರಿಸಿ ಬಾಲ್ಕನಿಯಲ್ಲಿ ಕೂರ್ತೀವಿ. ಮೊದಲ ದಿನ ಪಕ್ಕದ ಮನೆ ಆಂಟಿ “ಕರೆಂಟ್ ಹೋಯ್ತಾ?” ಅಂತ ಕೇಳಿದರು.

ಶಿರಸಿ ವಿಷಯ ತೀರ್ಮಾನ ಆಗಿಲ್ಲ. ತಿಂಗಳಲ್ಲಿ ಹತ್ತು ದಿನ ಅಲ್ಲಿಂದ ಕೆಲಸ ಮಾಡೋಕೆ ನನ್ನ ಟೀಮಿನಲ್ಲಿ ಒಪ್ತಾರಾ ಅಂತ ಕೇಳ್ತೀನಿ ಅಂದಿದ್ದೀನಿ. ಪೂರ್ತಿ ಹೋಗಿ ಇರೋಕೆ ನನ್ನಿಂದ ಆಗಲ್ಲ ಅಂತಲೂ ಹೇಳಿದ್ದೀನಿ, ಸುಮ್ಮನೆ ಆಸೆ ಹುಟ್ಟಿಸೋದು ಬೇಡ ಅಂತ. ಅವನಿಗೆ ಬೇಜಾರಾಯ್ತು. ಎದ್ದು ಹೋಗಲಿಲ್ಲ.

ಹನ್ನೊಂದನೇ ದಿನ ಗುರುವಾರ. ಬಾಲ್ಕನಿಯಲ್ಲಿ ಕೂತಿದ್ದಾಗ ಅವನು ಊರಿಗೆ ಫೋನ್ ಹಚ್ಚಿದ. “ಆಯಿ, ಊಟ ಆತಾ?” ಅಂತ ಶುರುವಾಗಿ, ಅಡಿಕೆ ರೇಟು, ನೆರೆಮನೆಯವರ ಹಸು ಎಲ್ಲ ಆಯ್ತು. ಇನ್ನೇನು ಇಡ್ತಾನೆ ಅನ್ನುವಾಗ, ನಮ್ಮ ಮನೆ ಹತ್ತಿರ ಯಾವ ಕಂಪನಿಯ ಫೈಬರ್ ಬರುತ್ತೆ ಅಂತ ಕೇಳಿದ. ಆ ಕಡೆ ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ನಾಳೆ ಬೆಳಿಗ್ಗೆಯೇ ವಿಚಾರಿಸ್ತೀನಿ ಅಂದರು.