ಐನೂರು ರೂಪಾಯಿಯ ಮೈಲೇಜ್



ಕಳೆದ ವರ್ಷ ಹಿಂದೂಪುರದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲೇ ನಿಂತು ನಾಲ್ಕು ಜನಕ್ಕೆ ಒಂದು ಪುಟ್ಟ ಡಬ್ಬಿ ಮಾರಿದೆ. ಕಾರಿನ ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿದರೆ ಸಾಕು, 200 ಕಿ.ಮೀ. ಓಡುವಷ್ಟರಲ್ಲಿ ನಿಮ್ಮ ಡ್ರೈವಿಂಗ್ ಕಲಿತುಕೊಂಡು ಪೆಟ್ರೋಲ್ ಉಳಿಸುತ್ತದೆ ಅಂತ ಜಾಹೀರಾತು. ಆನ್‌ಲೈನ್‌ನಲ್ಲಿ ಒಟ್ಟಿಗೆ ತರಿಸಿದ್ದಕ್ಕೆ ಒಂದಕ್ಕೆ 350 ಬಿತ್ತು. ನಾನು ತೆಗೆದುಕೊಂಡದ್ದು 500. ಐದನೆಯದು ಹೋದದ್ದು ಕಲ್ಯಾಣದುರ್ಗದ ಚಿಕ್ಕಪ್ಪನಿಗೆ.

ಸುಳ್ಳು ಹೇಳಿ ಮಾರಲಿಲ್ಲ. ನನ್ನ ಕಾರಿಗೇ ಮೊದಲು ಹಾಕಿ ನೋಡಿದ್ದೆ. ಊರೊಳಗೆ 14 ಕೊಡುತ್ತಿದ್ದ ಗಾಡಿ ಮಡಕಶಿರಾ, ಪಾವಗಡ ಮೇಲೆ ಕಲ್ಯಾಣದುರ್ಗಕ್ಕೆ ಹೋಗಿ ಬಂದಾಗ 16.5 ಕೊಟ್ಟಿತು. (ಪಾವಗಡ ಕರ್ನಾಟಕಕ್ಕೆ ಸೇರಿದ್ದು. ಅಲ್ಲಿ ಪೆಟ್ರೋಲ್ ನಮ್ಮ ಆಂಧ್ರಕ್ಕಿಂತ ಅಗ್ಗ ಅಂತ ನಾವೆಲ್ಲ ಅಲ್ಲೇ ಹಾಕಿಸುತ್ತೇವೆ. ಆ ಉಳಿತಾಯ ಮಾತ್ರ ನಿಜ!) ಆ ದಿನ ಬೆಳಗ್ಗೆಯೇ ಟೈರಿಗೆ ಗಾಳಿ ಹಿಡಿಸಿದ್ದೆ, ಒಬ್ಬನೇ ಇದ್ದೆ, ಎಸಿ ಹಾಕಿರಲಿಲ್ಲ, ರಸ್ತೆ ಖಾಲಿ ಇತ್ತು. ಇದ್ಯಾವುದೂ ನನಗೆ ಲೆಕ್ಕಕ್ಕೆ ಬರಲಿಲ್ಲ. ಮಿಣುಕುತ್ತಿದ್ದ ಮೂರು ದೀಪ ಮಾತ್ರ ಕಣ್ಣಿಗೆ ಬಿತ್ತು.

ಮೂರು ತಿಂಗಳಾದ ಮೇಲೆ ಚಿಕ್ಕಪ್ಪನ ಫೋನ್ ಬಂತು. ಅವರು ಕಾರಿನಲ್ಲಿ ನಾಲ್ಕು ಜನ ಟೀಚರ್‌ಗಳನ್ನು ದಿನಾ ಕರೆದೊಯ್ಯುತ್ತಾರೆ. ನನ್ನ ಮೈಲೇಜ್ ಮಾತು ನಂಬಿ ತಿಂಗಳ ಬಾಡಿಗೆಯಲ್ಲಿ 2,000 ಇಳಿಸಿಬಿಟ್ಟಿದ್ದರು. "ಏನಪ್ಪಾ, ಪೆಟ್ರೋಲ್ ಮೊದಲಿನಷ್ಟೇ ಕುಡೀತಾ ಇದೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮೆಕಾನಿಕ್ ಅಣ್ಣನ ಹತ್ತಿರ ಹೋದೆ. ಅವರು ಸ್ಕ್ರೂಡ್ರೈವರ್ ಹಾಕಿ ಡಬ್ಬಿ ಬಿಚ್ಚಿದರು. ಒಂದು ಸಣ್ಣ ಚಿಪ್, ಒಂದು ಬಟನ್, ಮೂರು ದೀಪ. ಕಾರಿನ ಕಂಪ್ಯೂಟರ್ ಜೊತೆ ಮಾತಾಡಲು ಬೇಕಾದ ಚಿಪ್ಪೇ ಅದರಲ್ಲಿ ಇರಲಿಲ್ಲ. ಸಾಕೆಟ್‌ನಿಂದ ಬ್ಯಾಟರಿಯ ಕರೆಂಟ್ ತೆಗೆದುಕೊಂಡು ಮಿಣುಕುವುದಷ್ಟೇ ಅದರ ಕೆಲಸ. "ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇದೆ ನೋಡು, ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಅದು ಹೇಳ್ತಾ ಇರುತ್ತೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬರೋ ಹಾಗೆ ಕಂಪ್ಯೂಟರೇ ಸರಿಮಾಡ್ಕೊಳ್ಳುತ್ತೆ. ಒಳಗೆ ಹೋದ ಪೆಟ್ರೋಲ್ ಹೆಚ್ಚುಕಡಿಮೆ ಎಲ್ಲಾ ಉರಿದೇ ಹೋಗುತ್ತೆ. ಇನ್ನು ಇದು ಉಳಿಸೋದು ಏನನ್ನ?" ಅಂದರು. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಕಥೆಯೂ ಇದೇ ಅಂತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸಿದ್ದು ಒಂದೂ ಇಲ್ಲ ಅಂತ ಆಮೇಲೆ ಓದಿ ತಿಳಿದೆ. ಮಾರುವ ಮೊದಲೇ ಓದಬಹುದಿತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಮಾರಿದವನಿಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಮನೆಯಲ್ಲಿ ಉಳಿದಿದ್ದ ಇನ್ನೊಂದನ್ನು ಹಾಕಿಕೊಂಡು ಒಮ್ಮೆ, ತೆಗೆದಿಟ್ಟು ಒಮ್ಮೆ ಅದೇ ದಾರಿ ಓಡಿಸಿದೆ. ಟೈರಿಗೆ ಅಷ್ಟೇ ಗಾಳಿ, ಎಸಿ ಇಲ್ಲ, ಪಾವಗಡದ ಅದೇ ಬಂಕಿನಲ್ಲಿ ಫುಲ್ ಟ್ಯಾಂಕ್. ಎರಡು ಸಲವೂ 16.5ರ ಆಸುಪಾಸೇ ಬಂತು.

ಮುಂದಿನ ಭಾನುವಾರ ಅದೇ ಅಂಗಳದಲ್ಲಿ ನಾಲ್ವರಿಗೂ 500 ವಾಪಸ್ ಕೊಟ್ಟೆ. ಒಬ್ಬ ಮಾತ್ರ "ಬೇಡ ಬಿಡೋ, ನನ್ನ ಗಾಡಿ ಪಿಕಪ್ ಚೆನ್ನಾಗಿದೆ" ಅಂದ. ಅವನಿಗೆ ತಿಳಿಹೇಳಲು ಅರ್ಧ ಗಂಟೆ ಹಿಡಿಯಿತು.

ಕಲ್ಯಾಣದುರ್ಗದಲ್ಲಿ ಚಿಕ್ಕಪ್ಪ ದುಡ್ಡು ಮುಟ್ಟಲಿಲ್ಲ. "ದುಡ್ಡು ಇಟ್ಕೋ. ಟೀಚರ್‌ಗಳ ಹತ್ತಿರ ನೀನೇ ಬಂದು ಹೇಳು, ನಾನು ಹೇಳಿದ್ರೆ ದುಡ್ಡಿನಾಸೆಗೆ ಮಾತು ತಪ್ಪಿದ ಹಾಗಾಗುತ್ತೆ" ಅಂದರು. ಹೋದೆ. ಆ ಡಬ್ಬಿ ಬಿಚ್ಚಿ ತೋರಿಸಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎಲ್ಲಾ ಹೇಳಿದೆ. ಅವರು ನಕ್ಕರು, ಆಮೇಲೆ ತಮ್ಮತಮ್ಮಲ್ಲೇ ಮಾತಾಡಿಕೊಂಡು 1,000 ಏರಿಸಲು ಒಪ್ಪಿದರು. ಉಳಿದ 1,000 ಈಗಲೂ ಪ್ರತಿ ತಿಂಗಳು ಚಿಕ್ಕಪ್ಪನ ಕೈಯಿಂದಲೇ ಹೋಗುತ್ತಿದೆ.