ಬ್ರೆಡ್ಡಿಗೆ ಬದಲೇನು?

ತೂಕ ಇಳಿಸಲು ಹೊರಟವರಿಗೆ ಮೊದಲು ಸಿಗುವ ಉಪದೇಶ 'ಬ್ರೆಡ್ ಬಿಡಿ' ಎಂಬುದು. ಹೇಳುವವರಿಗೆ ಅದು ಎರಡು ಪದ. ಬಿಡುವವರಿಗೆ ಮಾತ್ರ ಮರುದಿನ ಬೆಳಗ್ಗೆ ಅಡುಗೆ ಮನೆಯಲ್ಲಿ ನಿಂತು ಉತ್ತರಿಸಬೇಕಾದ ಪ್ರಶ್ನೆ. ಬ್ರೆಡ್ ಬಿಟ್ಟರೆ ತಿನ್ನುವುದೇನು? ಅದನ್ನು ಮಾಡುವವರು ಯಾರು? ಮೊದಲ ಪ್ರಶ್ನೆಗೆ ಉತ್ತರ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ನಮ್ಮದು ಮಂಗಳೂರಿನ ಒಂದು ಸಾಧಾರಣ ಕುಟುಂಬ. ನಾವಿಬ್ಬರು, ಮೂವರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಉಮ್ಮ. ವಾರದಲ್ಲಿ ನಾಲ್ಕು ದಿನ ನಮ್ಮ ಬೆಳಗ್ಗಿನ ತಿಂಡಿ ಬ್ರೆಡ್. ಮಕ್ಕಳು ಅದಕ್ಕೆ ಜಾಮ್ ಹಚ್ಚುತ್ತಿದ್ದರು, ನಾವು ಬೆಣ್ಣೆ, ಉಮ್ಮ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಉಳಿದ ದಿನಗಳಲ್ಲಿ ಬನ್ಸ್ ಅಥವಾ ಹೋಟೆಲಿನಿಂದ ಕಟ್ಟಿಸಿ ತಂದ ಪರೋಟ. ಹೆಸರು ಬೇರೆಯಾದರೂ ಎಲ್ಲವೂ ಮೈದಾ. ಕಳೆದ ವರ್ಷ ನಮ್ಮಿಬ್ಬರ ರಕ್ತ ಪರೀಕ್ಷೆಯ ವರದಿ ಬಂದಾಗ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಒಬ್ಬರದು 6.1, ಇನ್ನೊಬ್ಬರದು 6.0. 6.5 ದಾಟಿದರೆ ಅದು ಸಕ್ಕರೆ ಕಾಯಿಲೆ. "ಈಗಲೇ ಮಾತ್ರೆ ಬೇಡ. ನಾಲ್ಕೈದು ಕಿಲೋ ಇಳಿಸಿ ಮೂರು ತಿಂಗಳು ಬಿಟ್ಟು ಬನ್ನಿ" ಎಂದರು ವೈದ್ಯರು.

ಈ ಹೊಸ್ತಿಲಲ್ಲಿ ನಿಂತವರು ನಾವಿಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅದರ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು. ಹಾಗಾಗಿ ನಮ್ಮ ಅಡುಗೆ ಮನೆಯ ಈ ಕಥೆ ಇನ್ನೂ ಹಲವು ಮನೆಗಳದ್ದಾಗಿರಬಹುದು.

ಅಂಗಡಿಯವರು ತೋರಿಸಿದ ಮೊದಲ ಬದಲಿ ಕಂದು ಬ್ರೆಡ್. ಪೊಟ್ಟಣದ ಹಿಂಬದಿಯಲ್ಲಿ ಸಾಮಗ್ರಿಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆ ಪ್ರಮಾಣಕ್ಕೆ ಅನುಕ್ರಮವಾಗಿ ಬರೆಯಬೇಕೆಂಬ ನಿಯಮವಿದೆ. ಮಕ್ಕಳ ಕೈಯಲ್ಲಿ ಓದಿಸಿದೆವು. ಮೊದಲ ಹೆಸರು ಮೈದಾ, ಗೋಧಿ ಹಿಟ್ಟು ಅದರ ನಂತರ, ಕೊನೆಯ ಕಡೆಗೆ ಕ್ಯಾರಮೆಲ್ ಬಣ್ಣ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಣೆಯಾದ ಬಳಿಕ ಅಂಗಡಿಗಳಲ್ಲಿ ರಾಗಿಯ ಚಿತ್ರವಿರುವ ಬಿಸ್ಕತ್ತು, ರಸ್ಕುಗಳೂ ತುಂಬಿವೆ. ಅವುಗಳಲ್ಲಿ ಕೆಲವದರ ಹಿಂಬದಿ ಓದಿದರೆ ಅಲ್ಲಿಯೂ ಮೊದಲ ಸ್ಥಾನ ಮೈದಾಕ್ಕೆ, ಎರಡನೆಯದು ಸಕ್ಕರೆಗೆ. ಇಡೀ ಗೋಧಿಯಿಂದಲೇ ಮಾಡಿದ ಬ್ರೆಡ್ ಇಲ್ಲವೆಂದಲ್ಲ. ಆದರೆ ಅದನ್ನು ಹುಡುಕಬೇಕು, ಬೆಲೆಯೂ ಹೆಚ್ಚು.

ಹಾಗಾದರೆ ನಮ್ಮದೇ ಹಳೆಯ ತಿಂಡಿಗಳಿಲ್ಲವೇ? ಕರಾವಳಿಯವರಾದ ನಮಗೆ ನೀರ್‌ದೋಸೆ, ಪತ್ತಿರಿ, ಕಡುಬು, ಸೇಮಿಗೆ ಎಂದರೆ ಬಾಯಲ್ಲಿ ನೀರೂರುತ್ತದೆ. ಹಿಂದಿನವರು ಇದನ್ನೇ ತಿಂದು ಗಟ್ಟಿಯಾಗಿದ್ದರು ಎಂಬ ಮಾತೂ ಇದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕ ಬೇರೆಯೇ ಹೇಳುತ್ತದೆ. 100 ಗ್ರಾಂ ಮೈದಾದಲ್ಲಿ ನಾರಿನಂಶ 3 ಗ್ರಾಂಗಿಂತ ಕಡಿಮೆ. ಬಿಳಿ ಅಕ್ಕಿಯಲ್ಲೂ ಅಷ್ಟೇ. ಇಡೀ ಗೋಧಿ ಹಿಟ್ಟು ಮತ್ತು ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ. ಹಿಂದಿನವರು ನೀರ್‌ದೋಸೆ ತಿಂದು ಗದ್ದೆಗೆ, ಕಡಲಿಗೆ, ಸಂತೆಗೆ ನಡೆದು ಹೋಗುತ್ತಿದ್ದರು. ನಾವು ತಿಂದು ಸ್ಕೂಟರ್ ಹತ್ತುತ್ತೇವೆ.

ಅದೇ ಕೋಷ್ಟಕದಲ್ಲಿ ಇನ್ನೊಂದು ವಿಷಯವಿದೆ. ಕ್ಯಾಲೊರಿಯ ಲೆಕ್ಕದಲ್ಲಿ ಈ ಧಾನ್ಯಗಳ ನಡುವೆ ದೊಡ್ಡ ಅಂತರವೇ ಇಲ್ಲ. ಮೈದಾ, ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲವೂ 100 ಗ್ರಾಂಗೆ 320ರಿಂದ 360ರ ಒಳಗೆ. ಒಂದು ದೊಡ್ಡ ಜೋಳದ ರೊಟ್ಟಿಯಲ್ಲಿ ಹೆಚ್ಚುಕಡಿಮೆ ಎರಡು ತುಂಡು ಬ್ರೆಡ್ಡಿನಷ್ಟೇ ಶಕ್ತಿ ಇರುತ್ತದೆ. ಹಾಗಿದ್ದರೆ ಲಾಭವೇನು? ರೊಟ್ಟಿಯನ್ನು ಅಗಿಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಒಂದೂವರೆಗೆ ಹೊಟ್ಟೆ ತುಂಬಿತೆನಿಸುತ್ತದೆ. ನಾಲ್ಕು ತುಂಡು ಬ್ರೆಡ್ ತಿಂದರೂ ಹತ್ತೂವರೆಗೆ ಹಸಿವು. ಅದಕ್ಕಿಂತ ಮುಖ್ಯವಾದುದು ಜೊತೆಗೆ ಬರುವ ನೆಂಟರು. ಬ್ರೆಡ್ಡಿನ ಜೊತೆ ಬೆಣ್ಣೆ, ಜಾಮ್, ಸಕ್ಕರೆ ಹಾಕಿದ ಚಹಾ ಬರುತ್ತವೆ. ರೊಟ್ಟಿಯ ಜೊತೆ ಹೆಸರುಕಾಳು, ಬದನೆಯ ಪಲ್ಯ, ಸೊಪ್ಪು, ಮೊಸರು ಬರುತ್ತವೆ. ಜೋಳದ ರೊಟ್ಟಿಗೆ ಜಾಮ್ ಹಚ್ಚುವವರನ್ನು ನಾವಿನ್ನೂ ಕಂಡಿಲ್ಲ.

ರೊಟ್ಟಿ ತಟ್ಟುವುದನ್ನು ನಮಗೆ ಕಲಿಸಿದವರು ಪಕ್ಕದ ಕಟ್ಟಡದ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಒಬ್ಬ ಮಹಿಳೆ. ದಿನವಿಡೀ ಕಲ್ಲು ಹೊತ್ತು ಸಂಜೆ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆಯಲ್ಲಿ ಅವರು ತಟ್ಟುತ್ತಿದ್ದ ರೊಟ್ಟಿಯ ಸದ್ದು ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ಕರೆದಾಗ ನಗುತ್ತಾ ಬಂದರು. "ತಣ್ಣೀರ ಹಾಕಬ್ಯಾಡ್ರಿ ಅಕ್ಕಾರ, ಕುದಿಯೋ ನೀರ ಹಾಕ್ರಿ. ಹಿಟ್ಟ ಹಳೇದಾತಂದ್ರ ರೊಟ್ಟಿ ಹರೀತೈತ್ರಿ" ಎಂದರು. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಕುದಿನೀರೇ ಹಿಟ್ಟನ್ನು ಹಿಡಿದು ನಿಲ್ಲಿಸಬೇಕು. ಎರಡು ವಾರ ನಮ್ಮ ರೊಟ್ಟಿಗಳು ನಕಾಶೆಗಳಂತಿದ್ದವು. ಮೂರನೆಯ ವಾರ ದುಂಡಗಾದವು.

ಆಗಲೇ ಎರಡನೆಯ ಪ್ರಶ್ನೆ ಎದುರಾಯಿತು. ಬ್ರೆಡ್ಡಿನ ದಿನ ನಮ್ಮ ಮನೆ ಆರೂಮುಕ್ಕಾಲಿಗೆ ಏಳುತ್ತಿತ್ತು. ರೊಟ್ಟಿಯ ದಿನ ಒಬ್ಬರು ಐದೂವರೆಗೆ ಏಳಬೇಕು. ಆ ಒಬ್ಬರು ಯಾರೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ರೆಡ್ ಪೊಟ್ಟಣದೊಳಗೆ ಹಿಟ್ಟಿನ ಜೊತೆಗೆ ಮನೆಯಾಕೆಯ ಒಂದೂಕಾಲು ಗಂಟೆಯ ನಿದ್ದೆಯೂ ಇತ್ತು. 'ನಮ್ಮ ಹೆಣ್ಣುಮಕ್ಕಳು ಸೋಮಾರಿಗಳಾಗಿ ಬೇಕರಿ ತಿಂಡಿಗೆ ಮಾರುಹೋದರು' ಎಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ಅವರು ಒಂದು ವಾರ ಐದೂವರೆಗೆ ಎದ್ದು ಹನ್ನೆರಡು ರೊಟ್ಟಿ ತಟ್ಟಿ ನೋಡಲಿ. ಒಬ್ಬರ ತೂಕ ಇಳಿಯಲು ಇನ್ನೊಬ್ಬರ ಬೆನ್ನು ಬಾಗಬೇಕೆಂದರೆ ಅದು ನ್ಯಾಯವಲ್ಲ. ಅಂತಹ ಪಥ್ಯ ಬಹಳ ದಿನ ನಡೆಯುವುದೂ ಇಲ್ಲ.

ನಾವು ಕೂತು ಕೆಲಸ ಹಂಚಿಕೊಂಡೆವು. ವಾರದಲ್ಲಿ ಎರಡೇ ದಿನ ಬಿಸಿ ರೊಟ್ಟಿ. ತಟ್ಟುವವರು ಒಬ್ಬರಾದರೆ ಬೇಯಿಸುವವರು ಇನ್ನೊಬ್ಬರು. ಎರಡು ದಿನ ಕಡಕ್ ರೊಟ್ಟಿ. ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಇದನ್ನು ತಟ್ಟಿ ಮಾರಿ ಸಂಸಾರ ಸಾಗಿಸುವ ಎಷ್ಟೋ ಮಹಿಳೆಯರಿದ್ದಾರೆ. ನಮ್ಮ ಊರಿನ ಅಂಗಡಿಗಳಲ್ಲೂ ಈಗ ಸಿಗುತ್ತದೆ. ಬ್ರೆಡ್ಡಿನ ಅನುಕೂಲಕ್ಕೆ ನಿಜವಾದ ಬದಲಿ ಎಂದರೆ ಇದೇ. ಮತ್ತೆರಡು ದಿನ ಬೇಯಿಸಿದ ಹೆಸರುಕಾಳು ಅಥವಾ ಕಡಲೆ, ಜೊತೆಗೆ ಮೊಟ್ಟೆ ಮತ್ತು ಸೌತೆಕಾಯಿ. ರಾತ್ರಿ ಕಾಳು ನೆನೆಹಾಕುವುದು ದೊಡ್ಡ ಮಗನ ಕೆಲಸ. ಅವನು ಮರೆತ ದಿನ ಎಲ್ಲರಿಗೂ ಉಪ್ಪಿಟ್ಟು. ಶುಕ್ರವಾರ ಮಾತ್ರ ಪತ್ತಿರಿ, ಆದರೆ ಎಣಿಸಿ. ರಮಝಾನಿನಲ್ಲಿ ಸಹರಿಗೆ ಹಾಲು ಬ್ರೆಡ್ಡಿನ ಬದಲು ರಾಗಿ ಗಂಜಿ ಕುಡಿದೆವು. ಮಧ್ಯಾಹ್ನದ ತನಕ ಹೊಟ್ಟೆ ಸುಮ್ಮನಿತ್ತು.

ಉಮ್ಮನ ವಿಷಯ ಬೇರೆ. ಅವರ ಬಾಯಲ್ಲಿ ಉಳಿದಿರುವುದು ಐದು ಹಲ್ಲು. "ನಿಮ್ಮ ರೊಟ್ಟಿ ನಿಮಗಿರಲಿ, ನನ್ನ ತೂಕವನ್ನು ಹೊರುವವರು ಇನ್ನೇನು ನಾಲ್ಕೇ ಮಂದಿ" ಎಂದುಬಿಟ್ಟರು. ನಾವು ನಕ್ಕರೂ ಆ ಮಾತು ಎದೆಗೆ ತಾಗಿತು. ಎಲ್ಲರ ತಟ್ಟೆಗೂ ಒಂದೇ ಕಾನೂನು ಹೇರಲಾಗದು. ಮೈಯಲ್ಲಿ ಮಾಂಸವಿಲ್ಲದ ವೃದ್ಧೆಗೆ ತೂಕ ಇಳಿಸುವ ಪಾಠ ಬೇಕಾಗಿಲ್ಲ. ಅವರಿಗೆ ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿ ಇಟ್ಟೆವು, ಅದರ ಜೊತೆ ಎಂದಿನಂತೆ ಒಂದು ತುಂಡು ಬ್ರೆಡ್. ಈಗ ಕೆಲವು ದಿನ ಗಂಜಿ ಮಾತ್ರ ಕೇಳುತ್ತಾರೆ, ಕೆಲವು ದಿನ ಬ್ರೆಡ್ ಮಾತ್ರ.

ಮೂರು ತಿಂಗಳಲ್ಲಿ ಒಬ್ಬರು ನಾಲ್ಕು ಕಿಲೋ ಇಳಿದರು, ಇನ್ನೊಬ್ಬರು ಎರಡೂವರೆ. ಸಂಜೆಯ ನಡಿಗೆಗೂ ಅದರಲ್ಲಿ ಪಾಲಿದೆ. ಸಕ್ಕರೆಯ ಅಂಕಿ 5.8ಕ್ಕೆ, 5.9ಕ್ಕೆ ಬಂದಿದೆ. ಹೊಸ್ತಿಲು ಇನ್ನೂ ದೂರವಾಗಿಲ್ಲ, ಆದರೆ ಒಂದು ಹೆಜ್ಜೆ ಹಿಂದೆ ಸರಿದಿದ್ದೇವೆ. ಈಗಾಗಲೇ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೀಗೆ ಊಟ ಬದಲಿಸಬಾರದು ಎಂಬ ಎಚ್ಚರ ಅಗತ್ಯ.

ಬ್ರೆಡ್ಡಿಗೆ ಬದಲೇನೆಂದು ಈಗ ಯಾರಾದರೂ ಕೇಳಿದರೆ ನಾವು ಧಾನ್ಯದ ಹೆಸರು ಹೇಳುವ ಮೊದಲು ಒಂದು ಮಾತು ಕೇಳುತ್ತೇವೆ: ನಿಮ್ಮ ಮನೆಯಲ್ಲಿ ಬೆಳಗ್ಗೆ ಒಲೆಯ ಮುಂದೆ ನಿಲ್ಲುವವರು ಎಷ್ಟು ಮಂದಿ? ಒಬ್ಬರೇ ಎಂದಾದರೆ ಮೊದಲು ಅದನ್ನು ಇಬ್ಬರು ಮಾಡಿ. ರಾಗಿಯೋ ಜೋಳವೋ ಎಂಬುದನ್ನು ಆಮೇಲೆ ನೋಡಿದರಾಯಿತು.